ಬ್ರೇಕ್ ಆಯಿಲ್ ಖರ್ಚಾಗಲ್ಲ, ಎಲ್ಲೋ ಹೋಗ್ತಿರುತ್ತೆ

ಹೋದ ಸಲ ತೆಂಗಿನ ಬುಡಕ್ಕೆ ಮಟ್ಟೆ ಹೂತಿದ್ದು ಬರೆದಿದ್ದೆ, ಮುಂದಿನ ಭಾಗ ಬರೀತೀನಿ ಅಂದಿದ್ದೆ. ಅದು ಸ್ವಲ್ಪ ತಡ ಆಗುತ್ತೆ. ಈ ಸಲ ಗಾಡಿ ವಿಷಯ. ಉದ್ದ ಆಗಿದೆ, ರಾತ್ರಿ ಊಟ ಆದ್ಮೇಲೆ ಓದಿ. ಹಳೇ ಪಿಕಪ್ ಇಟ್ಕೊಂಡಿರೋರು ಮಾತ್ರ ಅರ್ಧಕ್ಕೆ ಬಿಡಬೇಡಿ.

ರಾಗಿ ಕುಯ್ಲಿನ ಮೂರನೇ ದಿನ ಆಗಿದ್ದು ಇದು. ಸಂಜೆ ಐದೂವರೆ. ಆಳುಗಳು ಏಳು ಜನ ಹೆಣ್ಮಕ್ಕಳು ಹಿಂದೆ ಬಾಡಿಯಲ್ಲಿ ಕೂತಿದ್ರು. ಅವರಲ್ಲಿ ಒಬ್ಬ ಅಜ್ಜಿ ಮೊಮ್ಮಗನ್ನೂ ಕರ್ಕೊಂಡು ಬಂದಿದ್ದರು, ನಾಲ್ಕು ವರ್ಷದ ಹುಡುಗ. ನಮ್ಮನೆಯವಳು ಮುಂದೆ ನನ್ನ ಪಕ್ಕ. ಸರಕಿನ ಗಾಡಿಯಲ್ಲಿ ಜನ ಕೂರಿಸಬಾರದು ಅಂತ ನನಗೂ ಗೊತ್ತು, ನಿಮಗೂ ಗೊತ್ತು. ಕೂರಿಸ್ತೀವಿ.

ಕೆರೆ ಏರಿಯಿಂದ ಊರೊಳಕ್ಕೆ ಇಳಿಯೋ ಆ ತಿರುವು ನಿಮಗೆಲ್ಲ ಗೊತ್ತಲ್ಲ. ಒಂದು ಕಡೆ ನೀರು, ಇನ್ನೊಂದು ಕಡೆ ತೂಬಿನ ಹಳ್ಳ. ಅಲ್ಲಿ ಬ್ರೇಕ್ ತುಳಿದೆ. ಕಾಲು ನೆಲದ ತನಕ ಹೋಯ್ತು. ಹತ್ತಿ ಮೂಟೆ ಮೇಲೆ ಕಾಲಿಟ್ಟಂಗಾಯ್ತು. ಇನ್ನೊಂದು ಸಲ ತುಳಿದೆ, ಮತ್ತೊಂದು ಸಲ ತುಳಿದೆ. ಕೊನೇ ಒಂದು ಅಂಗುಲದಲ್ಲಿ ಏನೋ ಸ್ವಲ್ಪ ಹಿಡೀತು. ಮೂರನೇ ಗೇರಿಂದ ಎರಡಕ್ಕೆ ಹಾಕಿದೆ, ಇಂಜಿನ್ ಕೂಗ್ತು. ಹ್ಯಾಂಡ್ ಬ್ರೇಕ್ ಎಳೆದೆ, ಪೂರ್ತಿ ಮೇಲಕ್ಕೆ ಬಂತು, ಗಾಡಿಗೆ ಏನೂ ಆಗಲಿಲ್ಲ. ಅರಳೀಕಟ್ಟೆ ದಾಟಿ ಹತ್ತು ಮಾರು ಮುಂದೆ ಹೋಗಿ ನಿಂತಿತು.

ಹಿಂದೆ ಕೂತಿದ್ದೋರಿಗೆ ಏನೂ ಗೊತ್ತಾಗಲಿಲ್ಲ. ಆ ಅಜ್ಜಿ ಮೊಮ್ಮಗನ್ನ ಕೆಳಗೆ ಇಳಿಸ್ಕೊಂಡು, "ಇಲ್ಲೇ ನಿಲ್ಸಿದ್ದು ಒಳ್ಳೇದಾಯ್ತು ಕಣಪ್ಪ, ಅಂಗಡಿಗೆ ಹೋಗ್ಬೇಕಿತ್ತು" ಅಂದರು. ನಾನು ಹ್ಞೂಂ ಅಂದೆ. ಸ್ಟೇರಿಂಗ್ ಹಿಡಿದಿದ್ದ ಕೈ ಬಿಡೋಕೆ ಆಗ್ತಿರಲಿಲ್ಲ. ನಮ್ಮನೆಯವಳು ನನ್ನ ಕಾಲನ್ನ ನೋಡಿದ್ದಳು. ಒಂದು ಮಾತೂ ಆಡದೆ ಬಾಗಿಲು ತೆಗೆದು ಇಳಿದು, ಊಟದ ಬುಟ್ಟಿ ತಗೊಂಡು ಮನೆ ಕಡೆ ನಡೆದುಬಿಟ್ಟಳು.

ಈಗ ನನ್ನ ತಪ್ಪು ಹೇಳ್ತೀನಿ. ನಮ್ಮದು 2006ರ ಮಾಡೆಲ್ ಗಾಡಿ. ಮುಂದೆ ಡಿಸ್ಕ್, ಹಿಂದೆ ಡ್ರಮ್. ಹೆಚ್ಚುಕಮ್ಮಿ ಒಂದು ವರ್ಷದಿಂದ ಸೀಟಿನ ಕೆಳಗೆ ಬ್ರೇಕ್ ಆಯಿಲ್ ಬಾಟ್ಲಿ ಇಟ್ಕೊಂಡೇ ಓಡಾಡ್ತಿದ್ದೆ. ಹದಿನೈದು ದಿನಕ್ಕೊಂದು ಸಲ ಬಾನೆಟ್ ಎತ್ತೋದು, ಡಬ್ಬಿಯಲ್ಲಿ ಕಮ್ಮಿಯಾಗಿದ್ರೆ ಸುರಿಯೋದು. "ಹಳೇ ಗಾಡಿ, ಸ್ವಲ್ಪ ಆಯಿಲ್ ಕುಡಿಯುತ್ತೆ" ಅಂತ ನಾಲ್ಕು ಜನರ ಮುಂದೆ ಹೇಳ್ಕೊಂಡಿದ್ದೂ ಉಂಟು. ಇಂಜಿನ್ ಆಯಿಲ್ ಸುಟ್ಟು ಹೊಗೆ ಆಗಿ ಹೋಗಬಹುದು. ಬ್ರೇಕ್ ಆಯಿಲ್ ಎಲ್ಲಿ ಸುಡುತ್ತೆ? ಅದು ಮುಚ್ಚಿದ ಪೈಪಿನೊಳಗೆ ಇರೋದು. ಲೈನರ್, ಪ್ಯಾಡ್ ಸವೆದ ಹಾಗೆ ಡಬ್ಬಿಯಲ್ಲಿ ನಿಧಾನಕ್ಕೆ ಸ್ವಲ್ಪ ಇಳಿಯುತ್ತೆ, ಅದು ತಿಂಗಳುಗಟ್ಟಲೆ ಲೆಕ್ಕ. ಹದಿನೈದು ದಿನಕ್ಕೆ ಇಳೀತಿದೆ ಅಂದ್ರೆ ಎಲ್ಲೋ ಸೋರ್ತಿದೆ ಅಂತಲೇ ಅರ್ಥ. ತೋಟದ ಡ್ರಿಪ್ ಪೈಪಲ್ಲಿ ಪ್ರೆಶರ್ ಕಮ್ಮಿಯಾದ್ರೆ ಎಲ್ಲಿ ಒಡೆದಿದೆ ಅಂತ ಸಾಲು ಸಾಲು ಹುಡುಕ್ತೀನಿ. ಇದಕ್ಕೆ ಮಾತ್ರ ಸುರೀತಾ ಕೂತೆ.

ಅದಕ್ಕೆ ಮುಂಚೆ ಒಂದು ಗ್ಯಾರೇಜಿಗೂ ತೋರಿಸಿದ್ದೆ. ಯಾವುದು ಅಂತ ಬರೆಯಲ್ಲ. ಹಿಂದಿನ ಎಡ ಚಕ್ರದ ಲೈನರ್ ಆಯಿಲ್ ಕುಡಿದಿತ್ತು. ಹುಡುಗ ಅದನ್ನ ಪೆಟ್ರೋಲಲ್ಲಿ ತೊಳೆದು, ಎಮರಿ ಪೇಪರಲ್ಲಿ ಉಜ್ಜಿ, ಅದನ್ನೇ ಹಾಕಿಕೊಟ್ಟ. ಆಯಿಲ್ ಎಲ್ಲಿಂದ ಬಂತು ಅಂತ ಅವನೂ ನೋಡಲಿಲ್ಲ, ನಾನೂ ಕೇಳಲಿಲ್ಲ. ಅವನನ್ನೇ ಬೈಯೋಕಾಗಲ್ಲ, "ಕಮ್ಮೀಲಿ ಮುಗಿಸಪ್ಪ" ಅಂದಿದ್ದು ನಾನೇ. ಆಯಿಲ್ ಕುಡಿದ ಲೈನರ್ ಎಷ್ಟು ತೊಳೆದರೂ ಒಳಗಿಂದ ಬಿಸಿಗೆ ಮತ್ತೆ ಜಿನುಗುತ್ತೆ. ಅದು ಎಸೆಯೋ ಸಾಮಾನು.

ಮಗ ಬೆಂಗಳೂರಿಂದ ಫೋನಲ್ಲಿ, "ಅಪ್ಪ, ದೊಡ್ಡ ಗ್ಯಾರೇಜಿಗೆ ಬಿಡಿ, ದುಡ್ಡು ನಾನು ಹಾಕ್ತೀನಿ" ಅಂದ. ಅವನು ಹೇಳಿದ್ದು ತಪ್ಪಲ್ಲ. ಆದರೆ ಬ್ರೇಕ್ ಇಲ್ಲದ ಗಾಡೀನ ತಿಪಟೂರಿನ ತನಕ ಓಡಿಸ್ಕೊಂಡು ಹೋಗೋಕೆ ನನಗೆ ಧೈರ್ಯ ಇರಲಿಲ್ಲ. ಮತ್ತೆ ಈ ಸಲ ಒಳಗೆ ಏನಾಗಿದೆ ಅಂತ ನನ್ನ ಕಣ್ಣಲ್ಲೇ ನೋಡ್ಬೇಕಿತ್ತು. ನಮ್ಮ ಬೀದಿಯಲ್ಲಿ ದೊಡ್ಡಪ್ಪ ಒಬ್ರಿದ್ದಾರೆ. ಮೂವತ್ತು ವರ್ಷ ಲಾರಿ ಓಡಿಸಿದೋರು, ಈಗ ಮಂಡಿ ನೋವು. ಅವರನ್ನ ಕರ್ಕೊಂಡು ಬಂದು ಬೇವಿನ ಮರದ ಕೆಳಗೆ ಕುರ್ಚಿ ಹಾಕಿ ಕೂರಿಸಿದೆ. ಅವರು ಹೇಳೋದು, ನಾನು ಮಾಡೋದು. ಮೊದಲ ಸಲ ಮಾಡೋರು ಹೀಗೆ ಕೈ ಪಳಗಿದೋರೊಬ್ಬರನ್ನ ಪಕ್ಕದಲ್ಲಿ ಕೂರಿಸ್ಕೊಳ್ಳಿ. ವಿಡಿಯೋ ನೋಡಿ ಮಾಡ್ತೀನಿ ಅಂದ್ರೆ, ವಿಡಿಯೋ ನಿಮ್ಮ ತಪ್ಪು ನೋಡಲ್ಲ.

ಹಿಂದಿನ ಡ್ರಮ್ ಬಿಚ್ಚಬೇಕಾದ್ರೆ ಹ್ಯಾಂಡ್ ಬ್ರೇಕ್ ಬಿಟ್ಟಿರಬೇಕು, ಯಾಕಂದ್ರೆ ಅದೂ ಅದೇ ಶೂಗಳನ್ನೇ ಹಿಡಿಯೋದು. ಅಂದ್ರೆ ಗಾಡೀನ ಹಿಡಿದಿರೋದು ಮುಂದಿನ ಚಕ್ರಕ್ಕೆ ಕೊಟ್ಟ ಕಲ್ಲು ಮಾತ್ರ. ಸಮತಟ್ಟು ಜಾಗ ನೋಡಿ, ಎರಡು ಮುಂದಿನ ಚಕ್ರಕ್ಕೂ ಹಿಂದೆ ಮುಂದೆ ಕಲ್ಲು ಕೊಡಿ. ನಟ್ಟುಗಳನ್ನ ಚಕ್ರ ನೆಲದ ಮೇಲಿರುವಾಗಲೇ ಸಡಿಲ ಮಾಡ್ಕೊಂಡು ಆಮೇಲೆ ಜಾಕ್ ಎತ್ತಿ. ಜಾಕ್ ಒಂದನ್ನೇ ನಂಬಬೇಡಿ. ನಾನು ಆಕ್ಸಲ್ ಕೆಳಗೆ ಜಾಲಿ ಮರದ ದಪ್ಪ ದಿಮ್ಮಿ ಎರಡು ಅಡ್ಡಡ್ಡ ಜೋಡಿಸಿ ಅದರ ಮೇಲೆ ಭಾರ ಇಳಿಸಿದೆ. ಇಟ್ಟಿಗೆ ಇಡೋಕೆ ಹೋಗಿದ್ದೆ, ದೊಡ್ಡಪ್ಪ ಕುರ್ಚಿಯಿಂದಲೇ ಕೂಗಿದರು: "ಲೋ, ಇಟ್ಟಿಗೆ ಹೇಳದೆ ಕೇಳದೆ ಒಡೆಯುತ್ತೆ, ಮರ ಆದ್ರೆ ಮೊದಲು ಕಿರುಗುಟ್ಟುತ್ತೆ."

ಡ್ರಮ್ ಬರಲಿಲ್ಲ. ತುಕ್ಕು ಹಿಡಿದು ಕಚ್ಕೊಂಡಿತ್ತು. ಸುತ್ತಿಗೆಯಲ್ಲಿ ಬಾರಿಸೋಕೆ ಶುರು ಮಾಡಿದೆ. ಅರ್ಧ ಗಂಟೆ ಆದ್ಮೇಲೆ ದೊಡ್ಡಪ್ಪ, "ಡ್ರಮ್ಮಿನ ಮುಖದ ಮೇಲೆ ಎರಡು ಮರೆ ಇರೋ ತೂತ ಇರ್ತವೆ ನೋಡು" ಅಂದರು. ಇದ್ದವು, ಮಣ್ಣು ತುಂಬಿತ್ತು. ಕೆರೆದು, ಅಳತೆಗೆ ಸರಿ ಇರೋ ಎರಡು ಬೋಲ್ಟ್ ಹುಡುಕಿ, ಅದಕ್ಕೊಂದು ಸುತ್ತು ಇದಕ್ಕೊಂದು ಸುತ್ತು ಬಿಗಿದೆ. ಟಕ್ ಅಂತ ಡ್ರಮ್ ಈಚೆ ಬಂತು. ಅರ್ಧ ಗಂಟೆ ಮುಂಚೆ ಯಾಕೆ ಹೇಳಲಿಲ್ಲ ಅಂದೆ. "ನೀನು ಕೇಳಲಿಲ್ಲ" ಅಂದರು.

ಒಳಗಡೆ ಕಂಡಿದ್ದು ಇದು. ಲೈನರ್ ಕಪ್ಪಗೆ, ಒದ್ದೆ, ರಿವಿಟ್ಟಿನ ತಲೆ ಇನ್ನೇನು ಕಾಣೋ ಹಂತ. ಮೇಲಿನ ವೀಲ್ ಸಿಲಿಂಡರಿನ ರಬ್ಬರ್ ಟೋಪಿ ಬೆರಳಲ್ಲಿ ಎತ್ತಿದ ಕೂಡಲೇ ಆಯಿಲ್ ತೊಟ್ಟಿಕ್ತು. ಇಷ್ಟೇ. ನನ್ನ ಒಂದು ವರ್ಷದ ಬಾಟ್ಲಿಗಳೆಲ್ಲ ಅಲ್ಲಿಂದಲೇ ಹೋಗಿದ್ದು. ಹೊರಗಡೆ ನೆಲಕ್ಕೆ ಒಂದು ಹನಿಯೂ ಬಿದ್ದಿರಲಿಲ್ಲ, ಅದಕ್ಕೇ ಮೋಸ ಹೋಗಿದ್ದು. ಸೋರಿದ್ದೆಲ್ಲ ಡ್ರಮ್ ಒಳಗಿನ ಧೂಳು ಕುಡ್ಕೊಂಡು ಗ್ರೀಸಿನ ಥರ ಮೆತ್ಕೊಂಡಿತ್ತು. ಹ್ಯಾಂಡ್ ಬ್ರೇಕ್ ಯಾಕೆ ಹಿಡೀಲಿಲ್ಲ ಅನ್ನೋದೂ ಆಗ ಗೊತ್ತಾಯ್ತು.

ಆವತ್ತು ಏರಿ ಮೇಲೆ ನಮ್ಮನ್ನ ಉಳಿಸಿದ್ದು ಮುಂದಿನ ಡಿಸ್ಕು. ಈ ಗಾಡಿಯ ಮಾಸ್ಟರ್ ಸಿಲಿಂಡರಿನೊಳಗೆ ಎರಡು ದಾರಿ, ಮುಂದಿನ ಚಕ್ರಗಳಿಗೆ ಒಂದು, ಹಿಂದಿನವಕ್ಕೆ ಒಂದು. ಹಿಂದಿನದು ಖಾಲಿಯಾದ್ರೂ ಮುಂದಿನದು ಕೊನೇ ಅಂಗುಲದಲ್ಲಿ ಹಿಡಿಯುತ್ತೆ.

ಹಳೇ ಸಿಲಿಂಡರ್ ಕುಯ್ದು ನೋಡೋ ಆಸೆಗೆ ಪಿಸ್ಟನ್ ಹೊರಗೆ ತೆಗೆದೆ. ಒಳಗೋಡೆಯಲ್ಲಿ ಸಿಡುಬಿನ ಕಲೆ ಥರ ತುಕ್ಕಿನ ಗುಂಡಿ. ಬ್ರೇಕ್ ಆಯಿಲ್ ಗಾಳಿಯಲ್ಲಿರೋ ತೇವ ಎಳ್ಕೊಳ್ಳುತ್ತೆ. ಉಪ್ಪಿನ ಡಬ್ಬಿ ಮುಚ್ಚಳ ತೆಗೆದಿಟ್ರೆ ಹೇಗೋ ಹಾಗೆ. ಆ ನೀರೇ ಒಳಗೆ ತುಕ್ಕು ಮಾಡೋದು. ಇನ್ನೊಂದು ಅಪಾಯ ಬಿಸಿಯದು. ಡಾಟ್ 3 ಆಯಿಲ್ ಹೊಸದಾಗಿದ್ದಾಗ ಕುದಿಯೋಕೆ ಕಮ್ಮಿ ಅಂದ್ರೂ 205 ಡಿಗ್ರಿ ಬೇಕು, ತೇವ ಕುಡಿದ ಮೇಲೆ ಆ ಲೆಕ್ಕ 140ಕ್ಕೆ ಇಳಿಯುತ್ತೆ. ಘಾಟಿಯಲ್ಲಿ ಲೋಡ್ ಹಾಕ್ಕೊಂಡು ಇಳಿಯುವಾಗ ಬ್ರೇಕ್ ಮೇಲೆ ಕಾಲಿಟ್ಕೊಂಡೇ ಬಂದ್ರೆ ಆಯಿಲ್ ಕುದ್ದು ಆವಿ ಆಗುತ್ತೆ, ಆವಿ ಒತ್ತಿದ್ರೆ ಕುಗ್ಗುತ್ತೆ, ಕಾಲು ನೆಲಕ್ಕೆ ಹೋಗುತ್ತೆ. ಸೀಟಿನ ಕೆಳಗೆ ವರ್ಷಗಟ್ಟಲೆ ಅರ್ಧ ಬಾಟ್ಲಿ ಇಟ್ಕೊಂಡು ಅದನ್ನೇ ಸುರೀತಿದ್ದೆನಲ್ಲ, ಅದೂ ತಪ್ಪೇ. ತೆರೆದ ಬಾಟ್ಲಿ ಇಟ್ಟು ಮಡಗೋ ಸಾಮಾನಲ್ಲ.

ಮಾರನೇ ದಿನ ಬಸ್ಸಲ್ಲಿ ತಿಪಟೂರಿಗೆ ಹೋಗಿ ಎರಡೂ ಚಕ್ರಕ್ಕೆ ಸಾಮಾನು ತಂದೆ. ಲೈನರ್ ಹಾಕಿದ ಹೊಸ ಶೂ ಸೆಟ್ಟು, ಎರಡು ವೀಲ್ ಸಿಲಿಂಡರ್, ಸ್ಪ್ರಿಂಗು, ಸೀಲ್ ಒಡೆಯದ ಬ್ರೇಕ್ ಆಯಿಲ್. ಡ್ರಮ್ ಎರಡನ್ನೂ ಗೋಣಿಚೀಲದಲ್ಲಿ ಹಾಕ್ಕೊಂಡು ಹೋಗಿದ್ದೆ, ಲೇತ್ ಅಂಗಡಿಯಲ್ಲಿ ಅಂಚಿನ ಏಣು ತೆಗೆಸಿದೆ. ಡ್ರಮ್ ಮೇಲೆ ಎಷ್ಟು ಅಗಲದ ತನಕ ಸವೆಸಬಹುದು ಅಂತ ಅಚ್ಚೊತ್ತಿರುತ್ತೆ, ನಮ್ಮದು ಅದರೊಳಗೇ ಇತ್ತು. ಲೇತ್ ಕೂಲಿ ಸೇರಿ ಎಲ್ಲ ಐದು ಸಾವಿರದೊಳಗೆ ಆಯ್ತು. ಒಂದೇ ಚಕ್ರ ಸೋರ್ತಿದ್ರೂ ಎರಡು ಕಡೆಯೂ ಬದಲಾಯಿಸಬೇಕು, ಇಲ್ಲದಿದ್ರೆ ಒಂದು ಕಡೆ ಹೆಚ್ಚು ಹಿಡಿದು ಗಾಡಿ ಎಳೆಯುತ್ತೆ.

ಕೆಲಸದ ವಿಷಯ ಸ್ವಲ್ಪ ಚುಟುಕಾಗಿ. ಒಂದು ಕಡೆ ಪೂರ್ತಿ ಮುಗಿಸಿ ಆಮೇಲೆ ಇನ್ನೊಂದು ಕಡೆ ಬಿಚ್ಚಿ. ಸ್ಪ್ರಿಂಗ್ ಯಾವುದು ಎಲ್ಲಿ ಅಂತ ಮರೆತಾಗ ಎದ್ದು ಹೋಗಿ ಆ ಕಡೆ ನೋಡ್ಕೊಂಡು ಬರಬಹುದು. ಫೋಟೋನೂ ತಗೊಳ್ಳಿ, ನಾನು ಹನ್ನೊಂದು ತಗೊಂಡಿದ್ದೆ, ಬೇಕಾಗಿದ್ದ ಮೂಲೆ ಒಂದರಲ್ಲೂ ಇರಲಿಲ್ಲ. ಒಳಗಿನ ಧೂಳು ಬಾಯಲ್ಲಿ ಊದಬೇಡಿ, ಗಾಳಿ ಪಂಪಲ್ಲೂ ಹೊಡೀಬೇಡಿ. ಹಳೇ ಲೈನರಲ್ಲಿ ಕಲ್ನಾರು ಇರಬಹುದು, ಅದು ಶ್ವಾಸಕೋಶಕ್ಕೆ ಹೋದ್ರೆ ವಾಪಸ್ ಬರಲ್ಲ. ಸೋಪು ನೀರಲ್ಲಿ ನೆನೆಸಿ ಬಟ್ಟೆಯಲ್ಲಿ ಒರೆಸಿ, ಬಟ್ಟೆ ಹೂತುಬಿಡಿ. ಸ್ಪ್ರಿಂಗ್ ಎಳೆಯುವಾಗ ಮುಖ ಪಕ್ಕಕ್ಕೆ ಇಟ್ಕೊಳ್ಳಿ. ಸಿಲಿಂಡರಿಗೆ ಬರೋ ಪೈಪಿನ ನಟ್ಟಿಗೆ ಓಪನ್ ಸ್ಪಾನರ್ ಹಾಕಿ ಜಗ್ಗಿದ್ರೆ ಮೂಲೆ ಉಂಡೆ ಆಗುತ್ತೆ, ಹಿಂದಿನ ರಾತ್ರಿಯೇ ತುಕ್ಕು ಬಿಡಿಸೋ ಸ್ಪ್ರೇ ಹೊಡೆದಿಡಿ. ಹೊಸ ಸಿಲಿಂಡರ್ ಕೂರಿಸುವಾಗ ಆ ನಟ್ಟನ್ನ ಮೊದಲು ಬೆರಳಲ್ಲೇ ನಾಲ್ಕು ಸುತ್ತು ಹತ್ತಿಸಿ, ಆಮೇಲೆ ಸಿಲಿಂಡರಿನ ಬೋಲ್ಟ್ ಬಿಗಿಯಿರಿ. ಅದೇ ಒಂದು ಕಡೆ ನಾನು ಉಲ್ಟಾ ಮಾಡಿ ಮರೆ ಕೆಡಿಸೋದರಲ್ಲಿದ್ದೆ. ಮತ್ತೆ ರಬ್ಬರಿಗೆ ಡೀಸೆಲ್, ಪೆಟ್ರೋಲ್, ಇಂಜಿನ್ ಆಯಿಲ್ ಸೋಕಿಸಲೇಬಾರದು, ಉಬ್ಬಿಹೋಗುತ್ತೆ. ಒರೆಸೋದಿದ್ರೆ ಬ್ರೇಕ್ ಆಯಿಲ್ಲಲ್ಲೇ ಒರೆಸಿ. ಲೈನರ್ ಮೇಲೆ ಗ್ರೀಸ್ ಕೈ ಇಡಬೇಡಿ.

ಇನ್ನು ಏರ್ ತೆಗೆಯೋದು. ಇದಕ್ಕೆ ಇಬ್ಬರು ಬೇಕು. ದೊಡ್ಡಪ್ಪನ ಮಂಡಿಗೆ ಪೆಡಲ್ ತುಳಿಯೋಕೆ ಆಗಲ್ಲ. ಉಳಿದಿದ್ದು ನಮ್ಮನೆಯವಳು. ಏರಿ ಮೇಲಿನ ಆ ಸಂಜೆಯಿಂದ ಗಾಡಿ ಹತ್ರಾನೂ ಬಂದಿರಲಿಲ್ಲ. "ಸ್ವಲ್ಪ ಬಾ, ಕಾಲಲ್ಲಿ ಒತ್ತಿ ಹಿಡ್ಕೊಂಡ್ರೆ ಸಾಕು" ಅಂದೆ. ಸೆರಗಿಗೆ ಕೈ ಒರೆಸ್ಕೊಂಡು ಬಂದು ಹತ್ತಿ ಕೂತಳು. ಇಂಜಿನ್ ಆಫ್. ಹಳೇ ಮಾಸ್ಟರ್ ಸಿಲಿಂಡರಲ್ಲಿ ಪೆಡಲನ್ನ ನೆಲದ ತನಕ ತುಳಿದ್ರೆ ಒಳಗಿನ ರಬ್ಬರು ಯಾವತ್ತೂ ಹೋಗದ ತುಕ್ಕಿನ ಜಾಗಕ್ಕೆ ಹೋಗಿ ಹರಿಯುತ್ತೆ ಅಂತ ದೊಡ್ಡಪ್ಪ ಪೆಡಲ್ ಕೆಳಗೆ ಒಂದು ಮರದ ತುಂಡು ಇಡಿಸಿದರು.

ಶುರು ಮಾಡೋದು ಮಾಸ್ಟರ್ ಸಿಲಿಂಡರಿಗೆ ಎಲ್ಲಕ್ಕಿಂತ ದೂರ ಇರೋ ಚಕ್ರದಿಂದ. ನಮ್ಮ ಗಾಡಿಗಳಲ್ಲಿ ಸ್ಟೇರಿಂಗ್ ಬಲಕ್ಕಲ್ವ, ಹಾಗಾಗಿ ಹಿಂದಿನ ಎಡ, ಆಮೇಲೆ ಹಿಂದಿನ ಬಲ, ಆಮೇಲೆ ಮುಂದಿನ ಎಡ, ಕೊನೆಗೆ ಮುಂದಿನ ಬಲ. ನಿಪ್ಪಲ್ಲಿಗೆ ಸ್ಪಾನರ್ ಹಾಕಿ, ಅದರ ಮೇಲೆ ಆರ್ಪಾರ್ ಕಾಣೋ ಸಣ್ಣ ಪೈಪ್ ಸಿಕ್ಕಿಸಿ, ಪೈಪಿನ ಇನ್ನೊಂದು ತುದೀನ ಸ್ವಲ್ಪ ಬ್ರೇಕ್ ಆಯಿಲ್ ಇರೋ ಬಾಟ್ಲಿಯಲ್ಲಿ ಮುಳುಗಿಸಿ ಇಟ್ಟೆ. ಅವಳು ನಾಲ್ಕು ಸಲ ನಿಧಾನಕ್ಕೆ ತುಳಿದು ಒತ್ತಿ ಹಿಡೀಬೇಕು. ನಾನು ನಿಪ್ಪಲ್ ಅರ್ಧ ಸುತ್ತು ಬಿಡ್ತೀನಿ, ಆಯಿಲ್ಲು ಗುಳ್ಳೆ ಸಮೇತ ಬಾಟ್ಲಿಗೆ ಬರುತ್ತೆ, ಪೆಡಲ್ ಕೆಳಗೆ ಹೋಗುತ್ತೆ. ನಾನು ನಿಪ್ಪಲ್ ಬಿಗಿದು "ಬಿಡು" ಅಂದ ಮೇಲೇ ಅವಳು ಕಾಲೆತ್ತಬೇಕು. ಮೊದಲೇ ಎತ್ತಿದ್ರೆ ಬಂದ ಗಾಳಿ ವಾಪಸ್ ಒಳಗೆ ಹೋಗುತ್ತೆ.

"ಒತ್ತು."

"ಒತ್ತಿದೀನಿ."

"ಹಿಡ್ಕೋ."

"ಕೆಳಗೆ ಹೋಗ್ತಾ ಐತೆ ಕಣ್ರೀ!"

"ಹೋಗ್ಲಿ, ಕಾಲು ಎತ್ತಬೇಡ."

"ಅವತ್ತೂ ಹಿಂಗೇ ಹೋಯ್ತಲ್ವಾ."

ನಾನು ಗಾಡಿ ಕೆಳಗೆ ಮಲಗಿದ್ದೆ. ಅವಳ ಮುಖ ಕಾಣ್ತಿರಲಿಲ್ಲ. ಹ್ಞೂಂ, ಹಿಂಗೇ ಹೋಯ್ತು ಅಂದೆ. ಆ ಸಂಜೆ ಬಗ್ಗೆ ನಾವಿಬ್ಬರು ಮಾತಾಡಿದ್ದು ಅದೇ ಮೊದಲು. ಸ್ವಲ್ಪ ಹೊತ್ತಾದ್ಮೇಲೆ ಮೇಲಿಂದ, "ಆ ಮಗು ಬಾಗಿಲ ಹಲಗೆ ಹಿಡ್ಕೊಂಡು ನಿಂತಿತ್ತು, ನಾನು ಕನ್ನಡೀಲಿ ನೋಡಿದೆ" ಅಂದಳು.

ಎಡಗಡೆ ಮೊದಲು ಬಂದ ಆಯಿಲ್ ಕಾಫಿ ಡಿಕಾಕ್ಷನ್ ಥರ ಇತ್ತು. ಇಪ್ಪತ್ತು ಸಲ ತುಳಿಸಿದ ಮೇಲೆ ತಿಳಿಯಾಯ್ತು. ಬಲಗಡೆಗೆ ಹೋದೆ. ಅಲ್ಲಿ ಗುಳ್ಳೆ ನಿಲ್ಲಲೇ ಇಲ್ಲ. ಬರ್ತಾನೇ ಇತ್ತು, ಬರ್ತಾನೇ ಇತ್ತು. ದೊಡ್ಡಪ್ಪ ಎದ್ದು ಕುಂಟ್ಕೊಂಡು ಬಂದು ಬಾನೆಟ್ ಒಳಗೆ ನೋಡಿ ತಲೆ ಚಚ್ಕೊಂಡರು. ಡಬ್ಬಿ ಖಾಲಿ. ಮಾತಿನ ಮಧ್ಯೆ ತುಂಬಿಸೋದು ಮರೆತಿದ್ದೆ, ಮಾಸ್ಟರ್ ಸಿಲಿಂಡರೇ ಗಾಳಿ ಎಳ್ಕೊಂಡಿತ್ತು. ಮತ್ತೆ ಎಡಗಡೆಯಿಂದ ಮೊದಲಿಗೆ. ಆರೇಳು ಸಲ ಒತ್ತಿದ ಮೇಲೆ ಒಂದು ಸಲ ಡಬ್ಬಿ ನೋಡೋದು ಅಂತ ಆಮೇಲಿಂದ ಲೆಕ್ಕ ಇಟ್ಕೊಂಡೆ. ಬಾಟ್ಲಿಗೆ ಬಂದ ಆಯಿಲ್ಲನ್ನ ಉಳಿತಾಯ ಅಂತ ವಾಪಸ್ ಡಬ್ಬಿಗೆ ಸುರಿಯಬೇಡಿ. ಪೇಂಟ್ ಮೇಲೆ ಬಿದ್ರೆ ತಕ್ಷಣ ನೀರು ಹಾಕಿ, ಪೇಂಟ್ ಎಬ್ಬಿಸಿಬಿಡುತ್ತೆ. ನಮ್ಮ ಗಾಡಿಯಲ್ಲಿ ಎಬ್ಬಿಸೋಕೆ ಪೇಂಟ್ ಎಲ್ಲಿದೆ, ಅದು ಬೇರೆ ಮಾತು.

ಎಲ್ಲ ಮುಗಿದ ಮೇಲೂ ಪೆಡಲ್ ಅರ್ಧಕ್ಕಿಂತ ಕೆಳಗೇ ಹೋಗ್ತಿತ್ತು. ಇನ್ನೂ ಗಾಳಿ ಇದೆ ಅಂತ ನಾನು ಮತ್ತೆ ಸ್ಪಾನರ್ ತಗೊಂಡೆ. ಇಲ್ಲಿ ದೊಡ್ಡಪ್ಪ ಹೇಳಿದ್ದನ್ನ ನೀವೂ ಬರೆದಿಟ್ಕೊಳ್ಳಿ. ತುಳಿದಾಗ ಸ್ಪಂಜಿನ ಥರ ಮೆತ್ತಗಿದ್ರೆ ಗಾಳಿ. ಕೆಳಗೆ ಹೋಗಿ ಆಮೇಲೆ ಕಲ್ಲಿನ ಥರ ಗಟ್ಟಿ ಸಿಕ್ಕಿ, ಎರಡು ಮೂರು ಸಲ ತುಳಿದಾಗ ಮೇಲಕ್ಕೆ ಬಂದ್ರೆ, ಶೂಗಳು ಡ್ರಮ್ಮಿಂದ ದೂರ ಇವೆ ಅಂತ. ಗಟ್ಟಿ ಇದ್ದು, ಒತ್ತಿ ಹಿಡಿದಾಗ ಕಾಲು ಮೆಲ್ಲಗೆ ಇಳೀತಾ ಹೋದ್ರೆ ಎಲ್ಲೋ ಸೋರ್ತಿದೆ, ಇಲ್ಲಾಂದ್ರೆ ಮಾಸ್ಟರ್ ಸಿಲಿಂಡರ್ ಹೋಗಿದೆ. ನಮ್ಮದು ಎರಡನೇದು. ಚಕ್ರದ ಹಿಂದಿನ ತಟ್ಟೆಯ ಸಣ್ಣ ಕಿಂಡಿಯಿಂದ ಸ್ಕ್ರೂಡ್ರೈವರ್ ಹಾಕಿ ಹಲ್ಲಿನ ಚಕ್ರ ತಿರುಗಿಸಿದೆ, ಡ್ರಮ್ ಹಿಡಿಯೋ ತನಕ. ಆಮೇಲೆ ಸ್ವಲ್ಪ ವಾಪಸ್, ಕೈಯಲ್ಲಿ ತಿರುಗಿಸಿದ್ರೆ ಸಣ್ಣಗೆ ಸವರೋ ಸದ್ದು ಬರೋ ಹಾಗೆ. ಎರಡೂ ಕಡೆ ಮಾಡಿದ ಮೇಲೆ ಪೆಡಲ್ ಮೇಲೇ ನಿಂತಿತು. ಇದನ್ನ ಮೊದಲೇ ಮಾಡಿ ಆಮೇಲೆ ಏರ್ ತೆಗೆದಿದ್ರೆ ಒಂದು ಗಂಟೆ ಉಳೀತಿತ್ತು. ಹ್ಯಾಂಡ್ ಬ್ರೇಕ್ ಕೇಬಲ್ಲು ಕೊನೇಲಿ ಬಿಗಿದೆ.

ಇಂಜಿನ್ ಶುರು ಮಾಡಿದಾಗ ಒತ್ತಿ ಹಿಡಿದ ಪೆಡಲ್ ಒಂದು ಚೂರು ಕೆಳಗೆ ಹೋಯ್ತು, ನಮ್ಮನೆಯವಳು ಹೆದರಿದಳು. ಅದು ಬೂಸ್ಟರ್ ಕೆಲಸ ಮಾಡ್ತಿದೆ ಅಂತ, ತಪ್ಪೇನಿಲ್ಲ. ಮೊದಲು ಕಣದಲ್ಲೇ ನಡಿಗೆ ವೇಗದಲ್ಲಿ ಹತ್ತು ಸಲ ನಿಲ್ಲಿಸಿ ನೋಡಿದೆ. ಆಮೇಲೆ ಶಾಲೆ ಮುಂದಿನ ನೇರ ರಸ್ತೆಯಲ್ಲಿ. ಗಾಡಿ ಯಾವ ಕಡೆಗೂ ಎಳೀಲಿಲ್ಲ. ಏರಿಗೆ ಒಬ್ಬನೇ ಹೋದೆ, ಮೂರು ಸಲ ಹತ್ತಿ ಇಳಿದೆ. ಮನೆಗೆ ಬಂದು ನಾಲ್ಕೂ ಚಕ್ರದ ಒಳಗೆ ಟಾರ್ಚ್ ಬಿಟ್ಟು ನೋಡಿದೆ, ಒಣಗಿತ್ತು. ಡಬ್ಬಿಯ ಗೆರೆ ಹತ್ರ ಮಾರ್ಕರಲ್ಲಿ ತಾರೀಕು ಬರೆದಿಟ್ಟೆ. ಇವತ್ತಿಗೆ ಇಪ್ಪತ್ತಾರು ದಿನ, ಗೆರೆ ಬಿಟ್ಟು ಇಳಿದಿಲ್ಲ.

ಆ ಅಜ್ಜಿಗೆ ವಿಷಯ ಹೇಳಬೇಕೋ ಬೇಡವೋ ಅಂತ ಎರಡು ದಿನ ಯೋಚನೆ ಮಾಡಿದೆ. ಕೊನೆಗೆ ಅವರ ಮನೆ ಜಗಲಿ ಮೇಲೆ ಕೂತು ಹೇಳಿದೆ. ಕಡ್ಡಿಪುಡಿ ಅಗೀತಾ ಪೂರ್ತಿ ಕೇಳಿದರು. "ಅವತ್ತೇ ಹೇಳೋದಲ್ವೇನಪ್ಪ. ನಾನು ಅಂಗಡಿಗೆ ಹೋಗಿ ಅವನಿಗೆ ಬಿಸ್ಕತ್ತು ಕೊಡಿಸಿ ಹಾಯಾಗಿ ಮನೆಗೆ ಬಂದೆ" ಅಂದು ಎದ್ದು ಒಳಗೆ ಹೋದರು. ಮಾರನೇ ದಿನ ಕೆಲಸಕ್ಕೆ ಬಂದರು, ಮೊಮ್ಮಗನ್ನ ಕರ್ಕೊಂಡು ಬರಲಿಲ್ಲ. ಮಿಕ್ಕಿದ ಕುಯ್ಲಿಗೆ, ಒಕ್ಕಣೆಗೆ ಆಳುಗಳಿಗೆ ಆಟೋ ಹೇಳಿದೆ. ದಿನಕ್ಕೆ ಇನ್ನೂರು ರೂಪಾಯಿ ಜಾಸ್ತಿ ಬಿತ್ತು. ಪಿಕಪ್ಪಲ್ಲಿ ಈಗ ರಾಗಿ, ಕಾಯಿ, ಹುಲ್ಲು ಅಷ್ಟೆ.

ಮುಂದಿನ ಚಕ್ರಕ್ಕೆ ಹೋಗೋ ರಬ್ಬರ್ ಹೋಸುಗಳಲ್ಲಿ ಸಣ್ಣ ಬಿರುಕು ಕಾಣ್ತಿದೆ, ಈ ಭಾನುವಾರ ಅವನ್ನ ಬದಲಾಯಿಸ್ತೀನಿ. ಪೆಡಲ್ ಒತ್ತೋಕೆ ಬರ್ತೀನಿ ಅಂತ ನಮ್ಮನೆಯವಳು ಒಪ್ಪಿದ್ದಾಳೆ, ಡಬ್ಬಿ ನೋಡ್ಕೊಳ್ಳೋದೂ ತನ್ನದೇ ಅಂತೆ. ಏರ್ ತೆಗೆಯೋ ಪೈಪು, ಬಾಟ್ಲಿ, ಡ್ರಮ್ ಎಬ್ಬಿಸೋ ಆ ಎರಡು ಬೋಲ್ಟ್ ನಮ್ಮನೆ ಕೊಟ್ಟಿಗೆ ಗೂಡಲ್ಲಿವೆ. ಬೇಕಾದೋರು ಬಂದು ತಗೊಂಡು ಹೋಗಿ. ತಂದುಕೊಡೋದು ಮಾತ್ರ ಮರೀಬೇಡಿ, ಹೋದ ವರ್ಷ ಕೊಟ್ಟ ನನ್ನ ಪೈಪ್ ರೆಂಚ್ ಯಾರ ಮನೇಲಿದೆಯೋ ಇನ್ನೂ ಬಂದಿಲ್ಲ.